ಮಸಲ್ ಕಾರುಗಳ ವಿನೈಲ್ ಪಟ್ಟೆ ಅಂದು ತಯಾರಾಗುತ್ತಿದ್ದ ಬಗೆ: ಮೊದಲ ಗೆರೆಯಿಂದ ಕಾರಿಗೆ ಅಂಟಿಸುವವರೆಗೆ

ಮಸಲ್ ಕಾರು ಅಂದರೆ 1960–70ರ ದಶಕಗಳಲ್ಲಿ ಅಮೆರಿಕದಲ್ಲಿ ತಯಾರಾದ, ದೊಡ್ಡ ಇಂಜಿನ್ನಿನ ವೇಗದ ಕಾರು. ಉದಾಹರಣೆಗೆ 1969ರ ಫೋರ್ಡ್ ಮಸ್ಟಾಂಗ್ ಬಾಸ್ 302 ಕಾರಿನ ಎರಡೂ ಪಕ್ಕದಲ್ಲಿ ಅಗಲವಾದ ಕಪ್ಪು ವಿನೈಲ್ (ಪ್ಲಾಸ್ಟಿಕ್ ಫಿಲ್ಮ್) ಪಟ್ಟೆ ಇರುತ್ತದೆ. ಇಂಗ್ಲಿಷಿನ 'ಸಿ' ಅಕ್ಷರದ ಆಕಾರ. ವಿನ್ಯಾಸ ಲ್ಯಾರಿ ಶಿನೋಡ ಅವರದು. ಆ ವರ್ಷ ಇಂಥ 1,628 ಕಾರು ತಯಾರಾದವು. ಅಂದರೆ ಮೂರು ಸಾವಿರಕ್ಕೂ ಜಾಸ್ತಿ ಪಟ್ಟೆ. ಅರ್ಧ ಎಡಕ್ಕೆ, ಅರ್ಧ ಬಲಕ್ಕೆ, ಎಲ್ಲವೂ ಒಂದೇ ಅಳತೆ. ಆಗ ಕಂಪ್ಯೂಟರ್ ಹೇಳಿದಂತೆ ವಿನೈಲ್ ಕತ್ತರಿಸುವ ಪ್ಲಾಟರ್ ಇರಲಿಲ್ಲ. ಅಂಥ ಯಂತ್ರವಾದ ಗರ್ಬರ್ ಕಂಪನಿಯ ಸೈನ್‌ಮೇಕರ್ 3 ಬಂದದ್ದೇ 1983ರಲ್ಲಿ. ಹಾಗಿದ್ದರೆ ಆ ಪಟ್ಟೆಗಳನ್ನು ಹೇಗೆ ಮಾಡುತ್ತಿದ್ದರು?

ಕೈಯಲ್ಲಿ ಬರೆದ ನಕ್ಷೆ, ಕೈಯಲ್ಲಿ ಕತ್ತರಿಸಿದ ಫಿಲ್ಮ್, ಸ್ಕ್ರೀನ್ ಪ್ರಿಂಟಿಂಗ್, ಡೈ ಪಂಚಿಂಗ್. ಇಷ್ಟೇ. ನಮ್ಮೂರಿನ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯವರಿಗೂ ಲಗ್ನಪತ್ರಿಕೆ ಪಂಚಿಂಗ್ ಮಾಡುವವರಿಗೂ ಇದರಲ್ಲಿ ಅರ್ಧಕ್ಕರ್ಧ ಗೊತ್ತಿರುವ ಕೆಲಸವೇ.

ಈ ಕ್ರಮವನ್ನು ತಿಳಿದುಕೊಳ್ಳುವುದು ಯಾಕೆ ಮುಖ್ಯ ಅಂದರೆ, ಹಳೆಯ ಪಟ್ಟೆಯ ರೂಪ ಬಂದದ್ದೇ ಆ ಕೆಲಸದ ಕ್ರಮದಿಂದ. ಬಣ್ಣದ ಇಂಕಿನ ದಪ್ಪ, ಎರಡು ಬಣ್ಣ ಸೇರುವ ಕಡೆಯ ಸಣ್ಣ ಏರು, ಮೂಲೆಯ ಚೂಪು, ಅಂಚಿನಲ್ಲಿ ಉಳಿದ ಕೂದಲೆಳೆಯಷ್ಟು ಪಾರದರ್ಶಕ ಗೆರೆ. ಬಣ್ಣದ ರೇಡಿಯಂ ಹಾಳೆಗಳನ್ನು ಪ್ಲಾಟರ್‌ನಲ್ಲಿ ಕತ್ತರಿಸಿ ಒಂದರ ಮೇಲೊಂದು ಅಂಟಿಸಿದರೆ ಇವು ಬರುವುದಿಲ್ಲ. ಹತ್ತು ಅಡಿ ದೂರದಿಂದ ಸರಿಯಾಗಿಯೇ ಕಾಣುತ್ತದೆ. ಹತ್ತಿರ ಬಂದರೆ ಹಳೆ ಕಾರಿನ ಮೇಲೆ ಹೊಸ ಸ್ಟಿಕರ್ ಅಂತ ತಕ್ಷಣ ತಿಳಿಯುತ್ತದೆ. ಹಳೆ ಕಾರನ್ನು ಮತ್ತೆ ಮೊದಲಿನಂತೆ ಮಾಡುವ ಆಸೆ ಇರುವವರಿಗೆ ಈ ವ್ಯತ್ಯಾಸ ದೊಡ್ಡದು. ಅದಕ್ಕೇ ಪ್ರತಿ ಹಂತದಲ್ಲೂ ಎರಡು ವಿಷಯ ಹೇಳುತ್ತೇನೆ: ಅವರು ಹೇಗೆ ಮಾಡಿದರು, ಅದನ್ನೇ ಇವತ್ತು ಮಾಡುವುದಾದರೆ ಹೇಗೆ.

ಪೇಂಟ್ ಬಿಟ್ಟು ವಿನೈಲ್ ಯಾಕೆ

ಎರಡು ಬಣ್ಣದ ಕಾರು ಹೊಸದೇನಲ್ಲ. 1920ರ ದಶಕದಲ್ಲೇ ಅಮೆರಿಕದಲ್ಲಿ ಆ ಹುಚ್ಚು ಶುರುವಾಗಿತ್ತು. ಒಂದು ಬಣ್ಣ ಹೊಡೆದ ಮೇಲೆ ಅದನ್ನು ಕಾಗದದಿಂದ ಮುಚ್ಚಿ ಇನ್ನೊಂದು ಹೊಡೆಯಬೇಕು. ಕಾಗದ ಕೀಳುವಾಗ ಕೆಳಗಿನ ಪೇಂಟೂ ಕಿತ್ತು ಬರುತ್ತಿತ್ತು. ಈ ಗೋಳನ್ನು ನೋಡಿಯೇ 3ಎಂ ಕಂಪನಿಯ ರಿಚರ್ಡ್ ಡ್ರೂ 1925ರಲ್ಲಿ ಮಾಸ್ಕಿಂಗ್ ಟೇಪ್ ಮಾಡಿದರು. ನಾಲ್ಕು ದಶಕದ ನಂತರ ಅದೇ ಕಂಪನಿ, ಮಾಸ್ಕಿಂಗೇ ಬೇಡದ ಪಟ್ಟೆಗಳನ್ನು ಕಾರು ಕಾರ್ಖಾನೆಗಳಿಗೆ ಕೊಡತೊಡಗಿತು.

ಪೇಂಟ್ ಪಟ್ಟೆಗೆ ಟೇಪ್ ಹಚ್ಚಬೇಕು, ಮತ್ತೆ ಪೇಂಟ್ ಬೂತಿಗೆ ಕಳಿಸಬೇಕು, ಮತ್ತೆ ಒಲೆಯಲ್ಲಿ ಒಣಗಿಸಬೇಕು. ಓಡುತ್ತಿರುವ ಅಸೆಂಬ್ಲಿ ಲೈನಿನಲ್ಲಿ ಇದು ದೊಡ್ಡ ತಲೆನೋವು. ವಿನೈಲ್ ಪಟ್ಟೆಯಾದರೆ ಪೇಂಟ್ ಆದ ಕಾರಿಗೆ ಕೊನೆಯಲ್ಲಿ ಅಂಟಿಸಿದರೆ ಆಯಿತು. ಡೀಲರ್ ಬೇಕಾದರೂ ಅಂಟಿಸಬಹುದು. ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಒಂದಕ್ಕೆ ಪೆಟ್ಟು ಬಿದ್ದರೆ ಆ ತುಂಡಿನ ಪಾರ್ಟ್ ನಂಬರ್ ಕೊಟ್ಟು ತರಿಸಿಕೊಳ್ಳಬಹುದು. ಹಾಗಂತ ಆಗ ಪೇಂಟ್ ಪೂರ್ತಿ ಹೋಗಿಬಿಡಲಿಲ್ಲ. 1968ರ ಕ್ಯಾಮರೊ ಝಡ್/28ರ ಅಗಲ ಪಟ್ಟೆಗಳು ಪೇಂಟೇ. ಹಾಗಾಗಿ ನಿಮ್ಮ ಕಾರಿಗೆ ಯಾವುದಿತ್ತು ಅಂತ ಮೊದಲು ಖಚಿತ ಮಾಡಿಕೊಳ್ಳಿ. ಕ್ರೈಸ್ಲರ್ ಕಾರುಗಳಲ್ಲಿ ಇದು ಸುಲಭ. ಬಾನೆಟ್ ಕೆಳಗಿನ ಫೆಂಡರ್ ಟ್ಯಾಗ್ ಎಂಬ ತಗಡಿನ ಮೇಲೆ ಪಟ್ಟೆಯ ಕೋಡ್ ಒತ್ತಿರುತ್ತಾರೆ. ವಿ6ಎಕ್ಸ್ ಅಂತಿದ್ದರೆ ಪಕ್ಕದ ಕಪ್ಪು ಪಟ್ಟೆ, ವಿ6ಡಬ್ಲ್ಯು ಅಂದರೆ ಬಿಳಿ.

ಹಂತ 1: ಕಾರಿನ ಮೈಮೇಲೆ ಗೆರೆ ಹುಡುಕುವುದು

ಪಟ್ಟೆ ಕಾಗದದ ಮೇಲೆ ಹುಟ್ಟುತ್ತಿರಲಿಲ್ಲ. ವಿನ್ಯಾಸಕಾರರು ಮೊದಲು ಸಣ್ಣ ಚಿತ್ರ ಬರೆಯುತ್ತಿದ್ದರು, ನಿಜ. ಆದರೆ ನಿಜವಾದ ತೀರ್ಮಾನ ಆಗುತ್ತಿದ್ದದ್ದು ಪೂರ್ಣ ಗಾತ್ರದ ಜೇಡಿಮಣ್ಣಿನ ಮಾದರಿಯ ಮೇಲೆ ಅಥವಾ ನಿಜವಾದ ಕಾರಿನ ಮೇಲೆ. ಕೈಯಲ್ಲಿ ಒಂದು ರೋಲ್ ಕಪ್ಪು ಕ್ರೇಪ್ ಟೇಪ್. ಒಂದು ಕೈ ಟೇಪನ್ನು ಎಳೆದು ಹಿಡಿದಿರುತ್ತದೆ, ಇನ್ನೊಂದು ಕೈಯ ಹೆಬ್ಬೆರಳು ಅದನ್ನು ಒತ್ತುತ್ತಾ ಹೋಗುತ್ತದೆ. ಇಷ್ಟವಾಗದಿದ್ದರೆ ಕಿತ್ತು ಮತ್ತೆ ಎಳೆಯುವುದು. ಹತ್ತು ಹೆಜ್ಜೆ ಹಿಂದೆ ಹೋಗಿ ನೋಡುವುದು.

ಕಾರಿನ ಮೈ ಬಾಗಿರುತ್ತದೆ. ಕಾಗದದ ಮೇಲೆ ನೇರವಾಗಿರುವ ಗೆರೆ ಫೆಂಡರಿನ ಮೇಲೆ ನೇರ ಕಾಣುವುದಿಲ್ಲ, ಸೊಂಟದಲ್ಲಿ ಜೋತುಬಿದ್ದಂತೆ ಕಾಣುತ್ತದೆ. ನೇರ ಕಾಣಬೇಕಾದರೆ ಸ್ವಲ್ಪ ಬಾಗಿಸಿಯೇ ಎಳೆಯಬೇಕು. ಎಷ್ಟು ಅನ್ನುವುದನ್ನು ಕಣ್ಣೇ ಹೇಳಬೇಕು.

ಅಡ್ಡ ಬರುವ ವಸ್ತುಗಳೂ ಇದ್ದವು. ಬಾಗಿಲ ಸಂದು, ಹಿಡಿಕೆ, ಬೀಗದ ತೂತು, ಆಂಟೆನಾ, ಲಾಂಛನ. 1968ರಿಂದ ಅಮೆರಿಕದ ಕಾರುಗಳಿಗೆ ಪಕ್ಕದ ಮಾರ್ಕರ್ ದೀಪ ಕಡ್ಡಾಯವಾಯಿತು. ಫೆಂಡರಿನ ಮೇಲೆ ಹೋಗುವ ಪಟ್ಟೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು.

ನೀವು ಹಳೆಯ ಪಟ್ಟೆಯನ್ನು ಮರಳಿ ಮಾಡುವವರಾದರೆ ಈ ಹಂತ ನಿಮಗೆ ಬೇರೆ ರೀತಿ. ಹಳೆ ಪಟ್ಟೆಯನ್ನು ಕೀಳುವ ಮೊದಲೇ ನಕಲು ತೆಗೆಯಿರಿ. ಕಿತ್ತ ಮೇಲೆ ಅದು ಚೂರುಚೂರಾಗುತ್ತದೆ, ಅಳತೆಗೆ ಸಿಗುವುದಿಲ್ಲ. ಅಗಲವಾದ ಟ್ರೇಸಿಂಗ್ ಕಾಗದವನ್ನು ಮಾಸ್ಕಿಂಗ್ ಟೇಪಿನಿಂದ ಬಾಡಿಗೆ ಬಿಗಿಯಾಗಿ ಅಂಟಿಸಿ. ಮೆದು ಪೆನ್ಸಿಲನ್ನು ಮಲಗಿಸಿ ಪಟ್ಟೆಯ ಅಂಚಿನ ಮೇಲೆ ಉಜ್ಜಿ. ಅಂಚು ಎದ್ದು ಕಾಣುತ್ತದೆ. ಜೊತೆಗೆ ಬಾಗಿಲ ಸಂದು, ಚಕ್ರದ ಕಮಾನು, ಬಾಡಿಯ ಮಡಿಕೆ ಇವೆಲ್ಲವನ್ನೂ ಗುರುತು ಮಾಡಿ. ಪಟ್ಟೆಯಿಂದ ಅವುಗಳಿಗೆ ಎಷ್ಟು ದೂರ ಅಂತ ಬರೆದಿಡಿ. ಪಟ್ಟೆ ಈಗಾಗಲೇ ಹೋಗಿದ್ದರೂ ಪೂರ್ತಿ ಆಸೆ ಬಿಡಬೇಡಿ. ಮೂಲ ಪೇಂಟ್ ಉಳಿದಿದ್ದರೆ, ಪಟ್ಟೆ ಇದ್ದ ಜಾಗದ ಪೇಂಟ್ ಬಿಸಿಲಿಗೆ ಮಾಸಿರುವುದಿಲ್ಲ. ಓರೆ ಬೆಳಕು ಹಿಡಿದು ನೋಡಿದರೆ ಪಟ್ಟೆಯ ನೆರಳು ಕಾಣಿಸುತ್ತದೆ.

ಹಂತ 2: ಪೂರ್ಣ ಗಾತ್ರದ ನಕ್ಷೆ

ಟೇಪ್ ಗೆರೆಯನ್ನು ಮೈಲಾರ್ ಹಾಳೆಯ ಮೇಲೆ ಇಳಿಸುತ್ತಿದ್ದರು. ಮೈಲಾರ್ ಅಂದರೆ ಪಾಲಿಯೆಸ್ಟರ್ ಫಿಲ್ಮ್. ಕಾಗದ ತೇವಕ್ಕೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಐದಡಿ ಉದ್ದದ ಪಟ್ಟೆಯಲ್ಲಿ ಅಷ್ಟೇ ವ್ಯತ್ಯಾಸ ಸಾಕು, ಬಾಗಿಲ ಸಂದಿನಲ್ಲಿ ಗೆರೆ ಕೂಡುವುದಿಲ್ಲ. ಮೈಲಾರ್ ಬಹುಮಟ್ಟಿಗೆ ಹಾಗೇ ಇರುತ್ತದೆ.

ಇಲ್ಲಿ ಪಟ್ಟೆಯನ್ನು ತುಂಡು ಮಾಡುತ್ತಿದ್ದರು: ಫೆಂಡರಿಗೆ ಒಂದು, ಬಾಗಿಲಿಗೆ ಒಂದು, ಹಿಂದಿನ ಚಕ್ರದ ಮೇಲಿನ ಕ್ವಾರ್ಟರ್ ಪ್ಯಾನೆಲಿಗೆ ಒಂದು. ಸಂದಿನ ಹತ್ತಿರ ಒಳಗೆ ಮಡಿಸಲು ಕಾಲು ಇಂಚಿನಿಂದ ಅರ್ಧ ಇಂಚಿನಷ್ಟು ಹೆಚ್ಚಿಗೆ ಬಿಡಬೇಕು. ಇಲ್ಲದಿದ್ದರೆ ಬಾಗಿಲು ತೆಗೆದಾಗ ಅಂಚು ಬೋಳಾಗಿ ಕಾಣುತ್ತದೆ, ನೀರು ನುಗ್ಗಿ ಬೇಗ ಏಳುತ್ತದೆ.

ಎಡದ ನಕ್ಷೆಯನ್ನು ಮಗುಚಿದರೆ ಬಲದ್ದು ಸಿಗುತ್ತದೆ. ಆದರೆ ಅಕ್ಷರ, ಅಂಕಿ ಇದ್ದರೆ ಅವನ್ನು ಮಾತ್ರ ಬೇರೆ ಇಡಬೇಕು. 1970ರ ಪ್ಲಿಮತ್ 'ಕೂಡಾ (ಬರಾಕುಡಾ ಎಂಬುದರ ಚುಟುಕು ಹೆಸರು) ಕಾರಿನ ಹಾಕಿ ಸ್ಟಿಕ್ ಆಕಾರದ ಪಟ್ಟೆ ನೆನಪಿಸಿಕೊಳ್ಳಿ. ಅದರಲ್ಲಿ ಘನ ಇಂಚಿನಲ್ಲಿ ಇಂಜಿನ್ನಿನ ಅಳತೆ ಇರುತ್ತದೆ: 340, 383, 440. ಹೆಮಿ ಇಂಜಿನ್ ಇದ್ದರೆ ಆ ಹೆಸರು. ಎರಡೂ ಬದಿಗೆ ಅಂಕಿ ಸರಿಯಾಗೇ ಓದಿಸಿಕೊಳ್ಳಬೇಕು ಅಲ್ವಾ? ಹಾಗಾಗಿ ಒಂದು ಪಟ್ಟೆ ಅಂದರೂ ಇಂಜಿನ್ ಮತ್ತು ಬದಿಯ ಲೆಕ್ಕದಲ್ಲಿ ಹಲವು ನಕ್ಷೆ.

ಇವತ್ತು ನಕಲು ಹಾಳೆಯನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಗೆರೆ ಎಳೆಯಬಹುದು. ಮಾಡಿ, ತಪ್ಪೇನಿಲ್ಲ. ಆದರೆ ಸ್ಕ್ಯಾನ್ ಮಾಡುವಾಗ ಒಂದು ಉಕ್ಕಿನ ಸ್ಕೇಲನ್ನು ಪಕ್ಕದಲ್ಲಿಟ್ಟಿರಿ. ಪ್ರಿಂಟ್ ಬಂದ ಮೇಲೆ ಅದರ ಅಳತೆಯನ್ನೇ ಮೊದಲು ಪರೀಕ್ಷಿಸಿ. ಕಂಪ್ಯೂಟರ್ ಸುಮ್ನೆ ನಯ ಮಾಡಿಬಿಡುವ ಬಾಗುಗಳನ್ನೂ ಗಮನಿಸಿ. ಮೂಲದಲ್ಲಿ ಕೈ ಸ್ವಲ್ಪ ನಿಂತು ಮುಂದೆ ಹೋದ ಜಾಗಗಳು ಇರುತ್ತವೆ. ಅವು ಹಾಗೇ ಉಳಿಯಲಿ.

ಹಂತ 3: ಕೆಂಪು ಫಿಲ್ಮ್ ಕತ್ತರಿಸುವುದು

ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಹಂತ ಇದು. ಉಲಾನೊ ಕಂಪನಿಯ ರೂಬಿಲಿತ್ ಎಂಬ ಫಿಲ್ಮ್ ಇತ್ತು. ಕೆಳಗೆ ಪಾರದರ್ಶಕ ಪಾಲಿಯೆಸ್ಟರ್, ಮೇಲೆ ತೆಳುವಾದ ಕೆಂಪು ಪದರ. ಅದನ್ನು ನಕ್ಷೆಯ ಮೇಲೆ ಹಾಸಿ, ತುದಿ ತಿರುಗುವ ಸಣ್ಣ ಚಾಕುವಿನಿಂದ ಕೆಂಪು ಪದರವನ್ನು ಮಾತ್ರ ಕತ್ತರಿಸುವುದು. ಕೆಳಗಿನ ಹಾಳೆಗೆ ಗಾಯ ಆಗಬಾರದು. ಬೇಡದ ಕೆಂಪನ್ನು ಸುಲಿದು ತೆಗೆದರೆ ಉಳಿದದ್ದೇ ಪಟ್ಟೆಯ ಆಕಾರ. ಕೆಂಪು ಪದರದೊಳಗಿಂದ ಕಣ್ಣಿಗೆ ನಕ್ಷೆ ಕಾಣುತ್ತದೆ. ಆದರೆ ಮುಂದೆ ಸ್ಕ್ರೀನಿಗೆ ಬಳಿಯುವ ಎಮಲ್ಷನ್ ಎಂಬ ಲೇಪಕ್ಕೆ ತಾಗುವ ನೀಲಿ ಮತ್ತು ನೇರಳಾತೀತ ಬೆಳಕನ್ನು ಅದು ಪೂರ್ತಿ ತಡೆಯುತ್ತದೆ. ಇದೇ ಅದರ ಗುಟ್ಟು. ಅದೇ ಕಾಲದಲ್ಲಿ ಇಂಟೆಲ್‌ನ ಮೊದಲ ಚಿಪ್‌ಗಳ ನಕ್ಷೆಯನ್ನೂ ಇದೇ ಫಿಲ್ಮಿನಲ್ಲಿ ಕೈಯಿಂದ ಕತ್ತರಿಸುತ್ತಿದ್ದರು.

ಪ್ರತಿ ಬಣ್ಣಕ್ಕೂ ಬೇರೆ ಹಾಳೆ. ಮೂರು ಬಣ್ಣದ ಪಟ್ಟೆಗೆ ಮೂರು, ಮೇಲಿನ ಪಾರದರ್ಶಕ ಲೇಪಕ್ಕೆ ಇನ್ನೊಂದು. ಎಲ್ಲ ಹಾಳೆಗಳ ನಾಲ್ಕು ಮೂಲೆಯಲ್ಲೂ, ಒಂದರ ಮೇಲೊಂದು ಸರಿಯಾಗಿ ಕೂರಿಸಲು, ಕೂಡುಗುರುತು. ಎರಡು ಬಣ್ಣ ಸೇರುವ ಕಡೆ ಒಂದರ ಅಂಚು ಇನ್ನೊಂದರ ಕೆಳಗೆ ಸ್ವಲ್ಪ ಹೋಗುವಂತೆ ಕತ್ತರಿಸಬೇಕು. ಇಂಚಿನ ಮೂವತ್ತೆರಡನೇ ಒಂದು ಭಾಗ ಸಾಕು. ಇದನ್ನು ಬಿಟ್ಟರೆ ಪ್ರಿಂಟ್ ಕೂದಲೆಳೆಯಷ್ಟು ಜರುಗಿದರೂ ನಡುವೆ ಬಿಳಿ ಗೆರೆ ಇಣುಕುತ್ತದೆ. ಹಳೆ ಪಟ್ಟೆಯ ಮೇಲೆ ಬೆರಳಾಡಿಸಿದಾಗ ಬಣ್ಣಗಳ ನಡುವೆ ಸಿಗುವ ಸಣ್ಣ ಏರು ಇದೇ.

ಪಾಂಟಿಯಾಕ್ ಟ್ರಾನ್ಸ್ ಆ್ಯಮ್ ಕಾರಿನ ಬಾನೆಟ್ ಮೇಲಿನ ಹಕ್ಕಿ ನೆನಪಿಸಿಕೊಂಡರೆ ಈ ಕೆಲಸದ ಕಷ್ಟ ಅರ್ಥವಾಗುತ್ತದೆ. 1970ರಿಂದ 1972ರವರೆಗೆ ಮೂತಿಯ ಮೇಲೆ ಸಣ್ಣ ಹಕ್ಕಿ ಇತ್ತು. 1973ರಲ್ಲಿ ಬಾನೆಟ್ ತುಂಬ ರೆಕ್ಕೆ ಬಿಚ್ಚಿದ ಹಕ್ಕಿ ಬಂತು. ಜಾನ್ ಶಿನೆಲ್ಲ ಅವರ ಸ್ಟುಡಿಯೋದ ಕೆಲಸ ಅದು, ಚಿತ್ರ ನಾರ್ಮ್ ಇನೊಯೆ ಅವರದು. ಪಾಂಟಿಯಾಕ್‌ನ ಒಡೆತನದ ಜಿಎಂ ಕಂಪನಿಯ ವಿನ್ಯಾಸದ ಮುಖ್ಯಸ್ಥ ಬಿಲ್ ಮಿಚೆಲ್ ಮೊದಲು ಇದನ್ನು ಒಪ್ಪಿರಲಿಲ್ಲ. ಆ ಹಕ್ಕಿಯ ಒಂದೊಂದು ಗರಿಯ ಅಂಚೂ ಪಕ್ಕದ ಬಣ್ಣಕ್ಕೆ ಕೂಡಬೇಕು. ಅದರ ಮುಂದೆ ನೇರ ಪಟ್ಟೆ ಮಕ್ಕಳಾಟ.

ಈಗ ರೂಬಿಲಿತ್ ಹುಡುಕಿಕೊಂಡು ಹೋಗಬೇಕಿಲ್ಲ. ಪಾರದರ್ಶಕ ಹಾಳೆಯ ಮೇಲೆ ಪಟ್ಟೆಯ ಆಕಾರವನ್ನು ಗಾಢ ಕಪ್ಪಿನಲ್ಲಿ ತೆಗೆದ ಪ್ರಿಂಟ್, ಅಂದರೆ ಪಾಸಿಟಿವ್, ಸಾಕು. ಬೆಳಕಿಗೆ ಹಿಡಿದಾಗ ಕಪ್ಪಿನೊಳಗೆ ಸೂಜಿಮೊನೆಯ ತೂತು ಕಾಣಬಾರದು.

ಹಂತ 4: ಸ್ಕ್ರೀನ್

ಸ್ಕ್ರೀನ್ ಪ್ರಿಂಟಿಂಗ್ ಗೊತ್ತಿರುವವರು ಇದನ್ನು ಬೇಗ ಓದಿ ಮುಂದೆ ಹೋಗಬಹುದು. ಚೌಕಟ್ಟಿಗೆ ಪಾಲಿಯೆಸ್ಟರ್ ಬಟ್ಟೆಯನ್ನು ಬಿಗಿಯಾಗಿ ಎಳೆದು ಅಂಟಿಸಬೇಕು. ಇಂಚಿಗೆ 200ರಿಂದ 260 ಎಳೆ ಇರುವ ಮೆಶ್ ಈ ಕೆಲಸಕ್ಕೆ ಹದ. ಬೆಳಕು ತಾಗಿದರೆ ಗಟ್ಟಿಯಾಗುವ ಎಮಲ್ಷನ್ ಬಳಿದು ಕತ್ತಲಲ್ಲಿ ಒಣಗಿಸಿ, ಪಾಸಿಟಿವ್ ಇಟ್ಟು ಬೆಳಕು ಬಿಟ್ಟು, ನೀರಲ್ಲಿ ತೊಳೆಯಬೇಕು. ಬೆಳಕು ತಾಗದ ಜಾಗ ಮಾತ್ರ ತೊಳೆದು ಹೋಗಿ ಇಂಕಿಗೆ ದಾರಿಯಾಗುತ್ತದೆ.

ಹಿಂದೆ ಎಮಲ್ಷನ್ನಿಗೆ ಡೈಕ್ರೋಮೇಟ್ ಬೆರೆಸುವ ಪದ್ಧತಿ ಇತ್ತು. ಅದು ಕ್ಯಾನ್ಸರ್ ತರುವ ವಸ್ತು. ಹಳೆಯದನ್ನೇ ಮಾಡುತ್ತೇನೆ ಅಂತ ಅದನ್ನು ಮುಟ್ಟಬೇಡಿ. ಡಯಾಜೋ ಅಥವಾ ಫೋಟೋಪಾಲಿಮರ್ ಎಮಲ್ಷನ್ ತೆಗೆದುಕೊಳ್ಳಿ, ಆದರೆ ಸಾಲ್ವೆಂಟ್ ತಡೆಯುವಂಥದ್ದೇ ಆಗಿರಲಿ. ಬಟ್ಟೆ ಮೇಲೆ ಅಚ್ಚು ಹಾಕುವವರ ಎಮಲ್ಷನ್ ವಿನೈಲ್ ಇಂಕಿನ ಮುಂದೆ ನಿಲ್ಲುವುದಿಲ್ಲ.

ಹಂತ 5: ಸರಿಯಾದ ವಿನೈಲ್ ಆಯ್ಕೆ

ಪಟ್ಟೆ ಹತ್ತು ವರ್ಷ ಬಾಳುತ್ತದೋ ಎರಡೇ ವರ್ಷಕ್ಕೆ ಅಂಚು ಏಳುತ್ತದೋ ಎಂಬುದು ಹೆಚ್ಚಾಗಿ ಇಲ್ಲೇ ನಿರ್ಧಾರವಾಗುತ್ತದೆ.

ವಿನೈಲ್ ಫಿಲ್ಮ್ ಮಾಡಲು ಎರಡು ದಾರಿ. ಒಂದು ದೋಸೆ ಹೊಯ್ದ ಹಾಗೆ, ಇನ್ನೊಂದು ಚಪಾತಿ ಲಟ್ಟಿಸಿದ ಹಾಗೆ. ಮೊದಲನೆಯದು ಕಾಸ್ಟ್ ಫಿಲ್ಮ್. ದ್ರವರೂಪದ ವಿನೈಲನ್ನು ನುಣುಪಾದ ಕಾಗದದ ಮೇಲೆ ತೆಳುವಾಗಿ ಹರಡಿ, ಉದ್ದನೆಯ ಒಲೆಯೊಳಗೆ ಹಾಯಿಸುತ್ತಾರೆ. ದ್ರಾವಕ ಆರಿಹೋಗುತ್ತದೆ, ಫಿಲ್ಮ್ ಉಳಿಯುತ್ತದೆ. ಅದನ್ನು ಯಾರೂ ಎಳೆದಿಲ್ಲ, ಒತ್ತಿಲ್ಲ. ಹಾಗಾಗಿ ಅದಕ್ಕೆ ಹಿಂದಕ್ಕೆ ಹೋಗುವ ಹಟ ಇಲ್ಲ. ದಪ್ಪ ಸುಮಾರು 2 ಮಿಲ್, ಅಂದರೆ 0.05 ಮಿಲಿಮೀಟರ್. ಎರಡನೆಯದು ಕ್ಯಾಲೆಂಡರ್ಡ್ ಫಿಲ್ಮ್. ಬಿಸಿ ಉರುಳೆಗಳ ನಡುವೆ ಒತ್ತಿ ಎಳೆದು ಮಾಡಿದ್ದು. ದಪ್ಪ ಜಾಸ್ತಿ, ಬೆಲೆ ಕಡಿಮೆ. ಆದರೆ ಲಟ್ಟಿಸಿದ ಚಪಾತಿ ಮಣೆಯಿಂದ ಎತ್ತಿದೊಡನೆ ಕುಗ್ಗುವುದನ್ನು ನೋಡಿದ್ದೀರಲ್ಲ, ಇದರದೂ ಅದೇ ಗುಣ. ಬಿಸಿಲಿಗೆ ಕುಗ್ಗುತ್ತದೆ. ಕುಗ್ಗಿದಾಗ ಅಂಚಿನಲ್ಲಿ ಅಂಟಿನ ಗೆರೆ ಹೊರಗೆ ಬಂದು ಧೂಳು ಹಿಡಿದು ಕಪ್ಪಾಗುತ್ತದೆ.

ಕಾರಿನ ಪಟ್ಟೆಗೆ ಹೇಳಿ ಮಾಡಿಸಿದ್ದು ಕಾಸ್ಟ್ ಫಿಲ್ಮ್. ಅದರ ಬೆನ್ನಿಗೆ ಒತ್ತಿದರೆ ಹಿಡಿಯುವ ಅಕ್ರಿಲಿಕ್ ಅಂಟು, ಅದರ ಹಿಂದೆ ಸಿಲಿಕೋನ್ ಲೇಪದ ಕಾಗದ. ಬೆಂಗಳೂರಿನ ಜೆ.ಸಿ. ರೋಡಿನ ರೇಡಿಯಂ ಅಂಗಡಿಯಲ್ಲಿ ಕೇಳುವಾಗ ಸುಮ್ನೆ ವಿನೈಲ್ ಕೊಡಿ ಅನ್ನಬೇಡಿ. ಕಾಸ್ಟ್ ಫಿಲ್ಮೇ ಬೇಕು ಅಂತ ಕೇಳಿ, ರೋಲಿನ ಲೇಬಲ್ ಓದಿ.

ಒಂದೇ ಬಣ್ಣದ ಪಟ್ಟೆಗೆ ಪ್ರಿಂಟಿಂಗೇ ಬೇಕಿಲ್ಲ. ಬಣ್ಣ ಬೆರೆತ ಫಿಲ್ಮನ್ನು ನೇರ ಪಂಚ್ ಮಾಡಿದರೆ ಸಾಕು. ಆದರೆ ಹೊಳಪು ನೋಡಿಕೊಳ್ಳಿ. ಬಾಸ್ 302ರ 1969ರ ಪಟ್ಟೆ ಮಂದ ಕಪ್ಪು. ಅಲ್ಲಿ ಫಳಫಳ ಹೊಳೆಯುವ ಕಪ್ಪು ಹಚ್ಚಿದರೆ ಇಡೀ ಕಾರೇ ಬೇರೆ ಕಾಣುತ್ತದೆ.

ರಾತ್ರಿ ಹೊಳೆಯುವ ಪಟ್ಟೆಗಳು

ಇದು ಬೇರೆಯೇ ವಸ್ತು. 1930ರ ದಶಕದ ಕೊನೆಯಲ್ಲಿ 3ಎಂ ರಸ್ತೆ ಫಲಕಗಳಿಗೆಂದು ಸ್ಕಾಚ್‌ಲೈಟ್ ಹಾಳೆ ತಂದಿತ್ತು. ಅದನ್ನು ಕಾರಿನ ಪಟ್ಟೆಗೂ ಬಳಸಿದರು. 1969ರ ಮಸ್ಟಾಂಗ್ ಮಾಕ್ 1, 1970ರ ಬಾಸ್ 302, 1970ರ ಪ್ಲಿಮತ್ ರೋಡ್ ರನ್ನರ್‌ನ ಚಿನ್ನದ ಬಣ್ಣದ ಧೂಳಿನ ಪಟ್ಟೆ ಇವೆಲ್ಲ ಹೆಡ್‌ಲೈಟ್ ಬೆಳಕು ಬಿದ್ದರೆ ಹೊತ್ತಿಕೊಂಡಂತೆ ಹೊಳೆಯುತ್ತವೆ.

ಒಳಗೆ ಇರುವುದು ಗಾಜಿನ ಅತಿ ಸಣ್ಣ ಮಣಿಗಳ ಪದರ. ಅದರ ಹಿಂದೆ ಒಂದು ಅಂತರದ ಪದರ, ಅದರ ಹಿಂದೆ ಆವಿಯಾಗಿ ಕೂರಿಸಿದ ಅಲ್ಯೂಮಿನಿಯಂ. ಬಂದ ಬೆಳಕು ಮಣಿಯೊಳಗೆ ಬಾಗಿ, ಅಲ್ಯೂಮಿನಿಯಂಗೆ ಬಡಿದು, ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಮಣಿಗಳ ಮೇಲೆ ಪಾರದರ್ಶಕ ಬಣ್ಣದ ಲೇಪ. ಇಲ್ಲಿ ಬಳಸುವ ಇಂಕು ಬೆಳಕನ್ನು ಬಿಡುವಂಥದ್ದೇ ಆಗಿರಬೇಕು. ಮಾಮೂಲಿ ಗಟ್ಟಿ ಬಣ್ಣ ಹಾಕಿದರೆ ಆ ಜಾಗ ರಾತ್ರಿ ಕಪ್ಪಾಗಿ ನಿಲ್ಲುತ್ತದೆ. ಈ ಹಾಳೆ ಮಾಮೂಲಿ ವಿನೈಲಿನಷ್ಟು ಬಾಗುವುದೂ ಇಲ್ಲ. ಜೋರಾಗಿ ಎಳೆದರೆ ಮಣಿಗಳ ಪದರ ಬಿರುಕು ಬಿಡುತ್ತದೆ. ಹಳೆ ಕಾರು ಕೊಳ್ಳುವಾಗ ರಾತ್ರಿ ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು ಪಟ್ಟೆ ನೋಡಿ. ಹೊಳೆಯಬೇಕಾದದ್ದು ಹೊಳೆಯದಿದ್ದರೆ ಅದು ಬಹುಶಃ ಮೂಲದ್ದಲ್ಲ.

ಹಂತ 6: ಪ್ರಿಂಟ್

ರೋಲಿನಿಂದ ಕತ್ತರಿಸಿದ ಫಿಲ್ಮನ್ನು ತಕ್ಷಣ ಪ್ರಿಂಟಿಗೆ ಕೊಡಬಾರದು. ಅದು ಪ್ರಿಂಟ್ ಆಗುವ ಕೋಣೆಯಲ್ಲೇ ಒಂದು ದಿನ ಮಲಗಲಿ. ಕಾಗದದ ಬೆನ್ನು ಕೋಣೆಯ ತೇವಕ್ಕೆ ಹೊಂದಿಕೊಂಡ ಮೇಲೆ ಅಳತೆ ನಿಲ್ಲುತ್ತದೆ. ಮೂರನೇ ಬಣ್ಣ ಮೊದಲನೆಯದರ ಮೇಲೆ ಸರಿಯಾಗಿ ಕೂರಬೇಕಾದರೆ ಈ ತಾಳ್ಮೆ ಬೇಕೇ ಬೇಕು.

ಇಂಕು ವಿನೈಲ್ ಇಂಕು. ವಿನೈಲ್ ಮತ್ತು ಅಕ್ರಿಲಿಕ್ ರಾಳ, ಬಣ್ಣದ ಪುಡಿ, ಸೈಕ್ಲೋಹೆಕ್ಸನೋನ್‌ನಂಥ ಜೋರು ದ್ರಾವಕ. ಈ ದ್ರಾವಕ ಫಿಲ್ಮಿನ ಮೇಲ್ಮೈಯನ್ನು ಸ್ವಲ್ಪ ಕರಗಿಸುತ್ತದೆ. ಬಣ್ಣ ಅಲ್ಲಿ ಬೇರು ಬಿಡುತ್ತದೆ. ಅದಕ್ಕೇ ಉಗುರಲ್ಲಿ ಕೆರೆದರೂ ಹಳೆ ಪಟ್ಟೆಯ ಬಣ್ಣ ಸುಲಭವಾಗಿ ಏಳುವುದಿಲ್ಲ. ದ್ರಾವಕದ ಹೊಗೆ ಒಳ್ಳೆಯದಲ್ಲ. ಕಿಟಕಿ ತೆರೆದರೆ ಸಾಲದು, ಗಾಳಿ ಹೊರಗೆಳೆಯುವ ಫ್ಯಾನ್, ಕೈಗೆ ನೈಟ್ರೈಲ್ ಗ್ಲೌಸ್, ಮುಖಕ್ಕೆ ದ್ರಾವಕದ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಇರಲೇಬೇಕು.

ಮೇಜಿಗೆ ಫಿಲ್ಮನ್ನು ನಿರ್ವಾತದಿಂದ ಎಳೆದು ಹಿಡಿಯುತ್ತಿದ್ದರು. ಒಂದು ಅಂಚು ಪಿನ್ನಿಗೆ ತಾಗಿರಬೇಕು. ಸ್ಕ್ರೀನು ಹಾಳೆಗಿಂತ ಸುಮಾರು 3 ಮಿಲಿಮೀಟರ್ ಮೇಲೆ. ಸ್ಕ್ವೀಜಿ (ಇಂಕು ತಳ್ಳುವ ರಬ್ಬರ್ ಪಟ್ಟಿ) ಎಳೆದಾಗ ಅದರ ಕೆಳಗೆ ಮಾತ್ರ ಬಟ್ಟೆ ತಾಗಿ, ಹಿಂದೆಯೇ ಎದ್ದುಬಿಡಬೇಕು. ಉದ್ದನೆಯ ಪಟ್ಟೆಗೆ ಉದ್ದನೆಯ ಎಳೆತ. ನಡುವೆ ನಿಲ್ಲಿಸಿದರೆ ಅಡ್ಡಗೆರೆ ಬೀಳುತ್ತದೆ. ಒಂದು ಬಣ್ಣ ಆದ ಮೇಲೆ ತಂತಿಯ ರ‍್ಯಾಕಿನಲ್ಲಿ ಒಣಗಿಸಿ, ಹದವಾದ ಬಿಸಿ ಗಾಳಿ ಕೊಡಬೇಕು. ಬಿಸಿ ಜಾಸ್ತಿಯಾದರೆ ಫಿಲ್ಮ್ ಕುಗ್ಗಿ ಮುಂದಿನ ಬಣ್ಣ ಕೂಡುವುದಿಲ್ಲ. ಕಡಿಮೆಯಾದರೆ ದ್ರಾವಕ ಒಳಗೇ ಉಳಿದು, ಮುಂದೆ ಅಂಟನ್ನು ಮೆತ್ತಗೆ ಮಾಡುತ್ತದೆ. ಕೊನೆಗೆ ಎಲ್ಲದರ ಮೇಲೆ ಪಾರದರ್ಶಕ ಲೇಪ, ಬಿಸಿಲು ಮತ್ತು ಪೆಟ್ರೋಲ್ ಹನಿ ಎರಡನ್ನೂ ತಡೆಯಲು. ಇದನ್ನು ಬಣ್ಣದ ಅಂಚಿಗಿಂತ ಸ್ವಲ್ಪ ಹೊರಗೆ ಬರುವಂತೆ ಹಾಕಿ.

ಬಣ್ಣ ಹೊಂದಿಸುವಾಗ ಒಂದು ತೊಡಕು ಬರುತ್ತದೆ. ಆ ಕಾಲದ ಗಟ್ಟಿ ಹಳದಿ, ಕಿತ್ತಳೆ ಬಣ್ಣಗಳಿಗೆ ಸೀಸದ ಕ್ರೋಮೇಟ್ ಪುಡಿ ಸಾಮಾನ್ಯವಾಗಿತ್ತು. ಒಂದೇ ಎಳೆತಕ್ಕೆ ಕೆಳಗಿನದನ್ನು ಪೂರ್ತಿ ಮುಚ್ಚುತ್ತಿತ್ತು. ವಿಷ ಅಂತ ಈಗ ಅದನ್ನು ಬಹುಮಟ್ಟಿಗೆ ಬಿಟ್ಟಿದ್ದಾರೆ. ಇವತ್ತಿನ ಹಳದಿ ಅಷ್ಟು ಮುಚ್ಚುವುದಿಲ್ಲ. ಮೊದಲು ಒಂದು ಬಿಳಿ ಪದರ ಹಾಕಿ, ಅದರ ಮೇಲೆ ಹಳದಿ ಎಳೆಯಿರಿ. ಬಣ್ಣ ಹೋಲಿಸುವಾಗ ಮಾಸಿದ ಮೇಲ್ಮೈ ನೋಡಬೇಡಿ. ಬಾಗಿಲ ಸಂದಿನೊಳಗೆ ಮಡಿಸಿದ ಅಂಚಿನಲ್ಲಿ ಮೂಲ ಬಣ್ಣ ಹಾಗೇ ಉಳಿದಿರುತ್ತದೆ. ಅದನ್ನು ಹಗಲು ಬೆಳಕಲ್ಲಿ ನೋಡಿ.

ಹಂತ 7: ಡೈ ಪಂಚಿಂಗ್

ಪ್ಲೈವುಡ್ ಹಲಗೆಯ ಮೇಲೆ ಪಟ್ಟೆಯ ಆಕಾರ ಬರೆದು, ಗೆರೆಯುದ್ದಕ್ಕೂ ಗರಗಸದಿಂದ ಸೀಳು ಬಿಡಿಸುತ್ತಿದ್ದರು. ಆ ಸೀಳಿನಲ್ಲಿ ಉಕ್ಕಿನ ಹರಿತವಾದ ಪಟ್ಟಿಯನ್ನು ಕೈಯಿಂದ ಬಾಗಿಸಿ ಕೂರಿಸುವುದು. ಪಕ್ಕದಲ್ಲಿ ರಬ್ಬರ್ ತುಂಡುಗಳು, ಒತ್ತಿದ ಮೇಲೆ ಹಾಳೆಯನ್ನು ಹೊರಗೆ ತಳ್ಳಲು. ಲಗ್ನಪತ್ರಿಕೆಗೆ ಟ್ರೆಡಲ್ ಮೆಷಿನ್ನಿನಲ್ಲಿ ಪಂಚಿಂಗ್ ಮಾಡುವ ಡೈ ಇದೇ, ಗಾತ್ರ ಮಾತ್ರ ದೊಡ್ಡದು.

ಇಲ್ಲಿ ಬೇಕಾದದ್ದು ಹಾಫ್ ಕಟ್. ಅಲಗು ವಿನೈಲನ್ನು ಕತ್ತರಿಸಬೇಕು, ಹಿಂದಿನ ಕಾಗದವನ್ನು ಕತ್ತರಿಸಬಾರದು. ಒತ್ತಡವನ್ನು ಆ ತೆಳು ಅಂತರಕ್ಕೆ ಹೊಂದಿಸಲು ಡೈ ಕೆಳಗೆ ತೆಳುಕಾಗದ ಇಟ್ಟು ಇಟ್ಟು ನೋಡುತ್ತಿದ್ದರು. ಆಮೇಲೆ ಅಕ್ಷರಗಳ ಒಳಗಿನ ಮತ್ತು ಪಟ್ಟೆಯ ಹೊರಗಿನ ಬೇಡದ ವಿನೈಲನ್ನು ಸುಲಿಯುವುದು.

ಉಕ್ಕಿನ ಪಟ್ಟಿಯ ಎರಡು ತುದಿ ಸೇರುವ ಕಡೆ ಕಣ್ಣಿಗೆ ಕಾಣದಷ್ಟು ಸಂದು ಉಳಿಯುತ್ತದೆ. ಅಲ್ಲಿ ವಿನೈಲಿನ ಅಂಚಿನಲ್ಲಿ ಸಣ್ಣ ಮುಳ್ಳು ಬರುತ್ತದೆ. ಅದೇ ಡೈಯಿಂದ ಬಂದ ಎಲ್ಲ ಪಟ್ಟೆಯಲ್ಲೂ ಅದೇ ಜಾಗದಲ್ಲಿ.

ನಾಲ್ಕಾರು ಪಟ್ಟೆಗೆ ಡೈ ಮಾಡಿಸುವುದು ದುಬಾರಿ. ಸ್ಕ್ರೀನಿನಲ್ಲಿ ಪ್ರಿಂಟ್ ಮಾಡಿ, ಕತ್ತರಿಸುವುದನ್ನು ಮಾತ್ರ ಪ್ಲಾಟರಿಗೆ ಬಿಡಿ. ಕೂಡುಗುರುತು ಓದಿ ಅಂಚಿನ ಸುತ್ತ ಕತ್ತರಿಸುವ ಪ್ಲಾಟರ್ ಬೇಕು. ನನ್ನ ಪ್ರಕಾರ ಈ ರಾಜಿ ಒಪ್ಪಬಹುದಾದದ್ದು. ಇಂಕಿನಲ್ಲಿ ಮಾತ್ರ ರಾಜಿ ಬೇಡ.

ಹಂತ 8: ಮೇಲಿನ ಟೇಪ್ ಮತ್ತು ಪ್ಯಾಕಿಂಗ್

ಕತ್ತರಿಸಿದ ಪಟ್ಟೆಯ ಮೇಲೆ ಕಡಿಮೆ ಅಂಟಿನ ಕಾಗದದ ಟೇಪ್ ಹಾಕಿ ಉರುಳೆಯಿಂದ ಒತ್ತಬೇಕು. ತುಂಡುಗಳು ತಮ್ಮ ಜಾಗದಲ್ಲೇ ಉಳಿಯುತ್ತವೆ. ಹೀಗೆ ಪ್ಯಾಕ್ ಆದ ಫೋರ್ಡ್ ಪಟ್ಟೆ ಕಿಟ್‌ಗಳ ಪಾರ್ಟ್ ನಂಬರಿನ ಮೊದಲ ನಾಲ್ಕು ಅಕ್ಷರ ಓದಲು ಕಲಿತರೆ ಹಳೆ ಸಾಮಾನು ಹುಡುಕುವಾಗ ಉಪಯೋಗ. 'ಸಿ9ಝಡ್‌ಝಡ್' ಅಂದರೆ: ಸಿ 1960ರ ದಶಕ, 9 ಅಂದರೆ 1969, ಮೊದಲ ಝಡ್ ಮಸ್ಟಾಂಗ್, ಕೊನೆಯ ಝಡ್ ಫೋರ್ಡ್ ವಿಭಾಗದ ಬಿಡಿಭಾಗ. 1970ರದ್ದು 'ಡಿ0' ಅಂತ ಶುರುವಾಗುತ್ತದೆ.

ಹಂತ 9: ಅಂಟಿಸುವುದು

ಹೊಸ ಪೇಂಟ್ ಪೂರ್ತಿ ಒಣಗಿರಬೇಕು. ಒಳಗೆ ದ್ರಾವಕ ಉಳಿದಿದ್ದರೆ ಅದು ಹೊರಬರುವಾಗ ಪಟ್ಟೆಯ ಕೆಳಗೆ ಗುಳ್ಳೆ ಏಳುತ್ತದೆ. ಪೇಂಟ್ ಕಂಪನಿ ಹೇಳಿದಷ್ಟು ದಿನ ಕಾಯಿರಿ. ಬಾಡಿಯ ಶಾಖ 15ರಿಂದ 32 ಡಿಗ್ರಿ ಸೆಲ್ಸಿಯಸ್ ಒಳಗಿರಲಿ. ನಮ್ಮ ಕಡೆ ಮಾರ್ಚ್–ಏಪ್ರಿಲ್‌ನಲ್ಲಿ ಬೆಳಿಗ್ಗೆ ಬೇಗ, ನೆರಳಲ್ಲಿ ಮಾಡಿ.

ಮೇಣ, ಎಣ್ಣೆ ಪೂರ್ತಿ ಹೋಗುವಂತೆ ಒರೆಸಿ. ಪಟ್ಟೆಯನ್ನು ಕಾಗದ ಸಮೇತ ಜಾಗದಲ್ಲಿಟ್ಟು ಮಾಸ್ಕಿಂಗ್ ಟೇಪಿನಿಂದ ಹಿಡಿಸಿ, ದೂರ ಹೋಗಿ ನೋಡಿ. ಪೆನ್ಸಿಲ್ ಗುರುತು ಹಾಕಿಕೊಳ್ಳಿ. ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಬಾಡಿಗೂ ಅಂಟಿಗೂ ಸಿಂಪಡಿಸಿ. ಈಗ ಪಟ್ಟೆ ಜಾರುತ್ತದೆ, ಸರಿಸಿ ಕೂರಿಸಬಹುದು. ನಡುವಿನಿಂದ ಅಂಚಿನ ಕಡೆಗೆ ಸ್ಕ್ವೀಜಿಯಿಂದ ನೀರು ತಳ್ಳಿ. ಒಂದು ಎಳೆತ ಇನ್ನೊಂದರ ಅರ್ಧ ಮೇಲೆ ಬರಲಿ. ಅಂಟು ಹಿಡಿಯುವವರೆಗೆ ಕಾದು, ಮೇಲಿನ ಟೇಪನ್ನು ಪೂರ್ತಿ ಹಿಂದಕ್ಕೆ ಮಡಿಸಿ, ಬಾಡಿಗೆ ಒರಗಿಸಿಕೊಂಡೇ ನಿಧಾನ ಎಳೆಯಿರಿ. ನೇರ ಹೊರಗೆ ಎಳೆದರೆ ಪಟ್ಟೆಯೂ ಎದ್ದು ಬರುತ್ತದೆ. ಉಳಿದ ಗುಳ್ಳೆಯನ್ನು ಸೂಜಿಯಿಂದ ಚುಚ್ಚಿ ಒತ್ತಿ. ಸಂದಿನೊಳಗೆ ಮಡಿಸುವ ಅಂಚಿಗೆ ಹೇರ್ ಡ್ರೈಯರಿನ ಬಿಸಿ ಸಾಕು. ಒಂದು ದಿನ ಕಾರು ತೊಳೆಯಬೇಡಿ.

ಡಿಯರ್‌ಬಾರ್ನ್‌ನಲ್ಲೋ ಹ್ಯಾಮ್‌ಟ್ರಾಮಿಕ್‌ನಲ್ಲೋ ಇದ್ದ ಫೋರ್ಡ್, ಕ್ರೈಸ್ಲರ್ ಕಾರ್ಖಾನೆಗಳ ಅಸೆಂಬ್ಲಿ ಲೈನಿನ ಕೆಲಸಗಾರರಿಗೆ ಇಷ್ಟು ಪುರುಸೊತ್ತು ಇರಲಿಲ್ಲ. ಹಾಗಾಗಿ ಮೂಲ ಕಾರುಗಳಲ್ಲಿ ಎಡಕ್ಕೂ ಬಲಕ್ಕೂ ಸ್ವಲ್ಪ ಹೆಚ್ಚುಕಮ್ಮಿ ಕಾಣುವುದು ಸಹಜ. ನಿಮ್ಮ ಕಾರಿನಲ್ಲಿ ಅಂಥದ್ದು ಸಿಕ್ಕರೆ, ಅದನ್ನು ತಿದ್ದದೆ ಹಾಗೇ ಮರಳಿ ಅಂಟಿಸುವುದು ನನಗೆ ಸರಿ ಅನ್ನಿಸುತ್ತದೆ. ಅದು ಆ ಕಾರಿನ ಇತಿಹಾಸ.

ಹಳೆ ಕಿಟ್ ಸಿಕ್ಕರೆ

ಬಳಸದೇ ಉಳಿದ ಹಳೆ ಕಿಟ್‌ಗಳು ಈಗಲೂ ಮಾರಾಟಕ್ಕೆ ಬರುತ್ತವೆ. ಕೊಳ್ಳುವ ಮೊದಲು ಭೂತಗನ್ನಡಿ ಹಿಡಿದು ನೋಡಿ. ಮೂಲದ ಬಣ್ಣ ಗಟ್ಟಿಯಾಗಿ, ಒಂದೇ ಸಮ ಕಾಣುತ್ತದೆ. ನೀಲಿ, ಕೆಂಪು, ಹಳದಿ ಚುಕ್ಕೆಗಳ ಪುಡಿ ಕಂಡರೆ ಅದು ಇತ್ತೀಚಿನ ಡಿಜಿಟಲ್ ಪ್ರಿಂಟ್. ಮೂಲೆಗಳಲ್ಲಿ ಅಲಗು ಒಂದಿಷ್ಟು ದಾಟಿ ಹೋದ ಸೀಳುಗುರುತು ಇದ್ದರೆ ಪ್ಲಾಟರ್.

ನಿಜವಾದ ಹಳೆ ಕಿಟ್ ಆದರೂ ಅದನ್ನೇ ಕಾರಿಗೆ ಹಚ್ಚುವ ಆಸೆಗೆ ಬೀಳಬೇಡಿ. ಐವತ್ತು ವರ್ಷದಲ್ಲಿ ಅಂಟು ಒಣಗಿರುತ್ತದೆ ಅಥವಾ ಕಾಗದಕ್ಕೇ ಕಚ್ಚಿಕೊಂಡಿರುತ್ತದೆ. ವಿನೈಲ್ ಮೆದುವಾಗಿರಲು ಬೆರೆಸಿದ್ದ ಎಣ್ಣೆ ಹೊರಟುಹೋಗಿ ಮುಟ್ಟಿದರೆ ಮುರಿಯುತ್ತದೆ. ಅದರ ನಕಲು ತೆಗೆದು, ಬಣ್ಣ ಹೋಲಿಸಿ, ಹೊಸದನ್ನು ಮಾಡಿ. ನಕಲನ್ನು ಮಾರುವ ಯೋಚನೆ ಇದ್ದರೆ ಹೆಸರು ಮತ್ತು ಲಾಂಛನಕ್ಕೆ ಕಾರು ಕಂಪನಿಯ ಲೈಸೆನ್ಸ್ ಬೇಕು. ಮಿಷಿಗನ್‌ನಲ್ಲಿರುವ ಕನ್ನಡಿಗರಿಗೆ ಇನ್ನೊಂದು ಅನುಕೂಲ ಇದೆ. ಪ್ರತಿ ಆಗಸ್ಟ್‌ನಲ್ಲಿ ವುಡ್‌ವರ್ಡ್ ಅವೆನ್ಯೂದಲ್ಲಿ ಡ್ರೀಮ್ ಕ್ರೂಸ್ ಎಂಬ ಹಳೆ ಕಾರುಗಳ ಮೆರವಣಿಗೆ ನಡೆಯುತ್ತದೆ. ಮೂಲ ಪಟ್ಟೆ ಉಳಿದಿರುವ ಕಾರುಗಳನ್ನು ಅಲ್ಲಿ ಹತ್ತಿರದಿಂದ ನೋಡಬಹುದು. ಮಾಲೀಕರನ್ನು ಕೇಳಿದರೆ ಸಾಮಾನ್ಯವಾಗಿ ಅಳತೆಗೂ ಬಿಡುತ್ತಾರೆ. ಹೋಗುವಾಗ ಬಟ್ಟೆಯ ಟೇಪನ್ನೇ ಒಯ್ಯಿರಿ. ಉಕ್ಕಿನ ಟೇಪಿನ ತುದಿ ಪೇಂಟಿಗೆ ಗೀರು ಹಾಕುತ್ತದೆ.